ಒಂಬತ್ತಕ್ಕೆ ಮುಂಚಿನ ಬಸ್ಸು

ವೆಲಿಂಗ್ಟನ್ನಿನಲ್ಲಿ ನನ್ನಷ್ಟು ಬಿಟ್ಟಿ ಬಸ್ಸು ಹತ್ತಿದ ಮುದುಕ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಇಲ್ಲ. ಮುದುಕರ ಬಿಟ್ಟಿ ಓಡಾಟಕ್ಕೆಂದು ಸರ್ಕಾರ ಕೊಡುವ ಗೋಲ್ಡ್ ಕಾರ್ಡ್ ಕೈಗೆ ಬಂದ ಮೇಲೆ ನಾನು ಓಡಾಡಿದ ದೂರವನ್ನು ಉದ್ದಕ್ಕೆ ಎಳೆದರೆ ಚಂದ್ರನಿಗೆ ಹೋಗಿ, ಅಲ್ಲೊಂದು ಚಹಾ ಕುಡಿದು, ವಾಪಸು ಬರಬಹುದು. ಆದರೆ ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಆ ಕಾರ್ಡಿಗೆ ಕವಡೆ ಕಿಮ್ಮತ್ತಿಲ್ಲ. ಆ ಹೊತ್ತಿನ ಬಸ್ಸೆಲ್ಲ ಕೆಲಸಕ್ಕೆ ಹೋಗುವವರದ್ದು. ನಾವು ಮುದಿಗಳು ಬ್ರೂಕ್ಲಿನ್ ಗುಡ್ಡದ ಸ್ಟಾಪಿನಲ್ಲಿ ಬಸ್ಸಿನ ಮೇಲೆ ಬಸ್ಸು ಬಿಟ್ಟು ಒಂಬತ್ತಾಗಲೆಂದು ಕಾಯುತ್ತೇವೆ. ಕಾಸು ಕೊಟ್ಟು ಹತ್ತುವುದೆಂದರೆ ನಮಗೆ ಅವಮಾನ.

ಆ ದಿನ ಸ್ಟಾಪಿನಲ್ಲಿದ್ದದ್ದು ನಾನು, ಬೆರಿಲ್ ಇಬ್ಬರೇ. ದಕ್ಷಿಣದ ಗಾಳಿ ಎಂಥದ್ದೆಂದರೆ, ಕಡಲಹಕ್ಕಿಯೊಂದು ಹಿಮ್ಮುಖವಾಗಿ ಹಾರಿಹೋದದ್ದನ್ನು ಕಣ್ಣಾರೆ ಕಂಡೆ. ಬೆರಿಲ್ಲಳ ಗಂಡ ಮರ್ವಿನ್ ಆಸ್ಪತ್ರೆಯಲ್ಲಿದ್ದ. ಬೇಗ ಬನ್ನಿ ಎಂದು ನರ್ಸ್ ಫೋನ್ ಮಾಡಿದ್ದಳು.

"ಹಾಗಿದ್ರೆ ಈಗ ಹೋದ ಬಸ್ಸು ಯಾಕೆ ಬಿಟ್ಟೆ?" ಎಂದೆ.

"ಕಾಸು ಕೊಟ್ಟು ಬಂದೆ ಅಂದ್ರೆ ಆ ಸಿಟ್ಟಿಗೇ ಸಾಯ್ತಾನೆ ಕಣೋ ಡೆಸ್." ನಕ್ಕಳು. ಕಣ್ಣು ಮಾತ್ರ ಆ ಬಸ್ಸು ಹೋದ ದಾರಿಯ ಮೇಲೇ ಇತ್ತು.

ಅಷ್ಟರಲ್ಲಿ ನಂಬರಿಲ್ಲದ ಬಸ್ಸೊಂದು ಸದ್ದಿಲ್ಲದೆ ಬಂದು ನಿಂತಿತು. ಅಷ್ಟು ಗಾಳಿಯೂ ಅದರ ಸುತ್ತ ಸತ್ತುಬಿದ್ದಿತ್ತು.

"ಇನ್ನೂ ಒಂಬತ್ತಾಗಿಲ್ವಲ್ಲಪ್ಪಾ," ಎಂದಳು ಬೆರಿಲ್.

"ನಮ್ಮಲ್ಲಿ ಹೊತ್ತಿನ ಲೆಕ್ಕ ಇಲ್ಲ. ಹತ್ತಿ," ಎಂದ ಡ್ರೈವರ್, ತಿರುಗದೆ.

ಬಾಗಿಲ ಬಳಿಯ ಯಂತ್ರಕ್ಕೆ ಕಾರ್ಡ್ ಒತ್ತಿದರೆ ಅದು ಕೂಗಲಿಲ್ಲ. ಒಳಗೆಲ್ಲ ನಮ್ಮ ವಯಸ್ಸಿನವರೇ. ಇಸ್ತ್ರಿಯ ಉಡುಪು, ಬಾಯಿಗೆ ಬೀಗ. ಹಿಂದಿನ ಸೀಟಿನಲ್ಲಿ ನಮ್ಮ ಸ್ಟಾಪಿನ ಟ್ರೆವರ್! ಹೋದ ಚಳಿಗಾಲ ಅವನನ್ನು ಹೂಳಿ ಬಂದು ನಾನು ಬುಟ್ಟಿಗಟ್ಟಲೆ ಸಾಸೇಜ್ ರೋಲ್ ತಿಂದಿದ್ದೆ. ಆ ಚಳಿಯಲ್ಲೂ ಯಾರ ಉಸಿರಿಗೂ ಕಿಟಕಿಯ ಗಾಜು ಮಂಜು ಕಟ್ಟಿರಲಿಲ್ಲ. ಮಂಜು ಕಟ್ಟಿದ್ದು ನಮ್ಮಿಬ್ಬರ ಉಸಿರಿಗೆ ಮಾತ್ರ.

ಆಸ್ಪತ್ರೆ ಬಂತು. ಬೆರಿಲ್ ಗುಂಡಿ ಒತ್ತಿದಳು, ಗಂಟೆ ಇಲ್ಲ. ಬಸ್ಸು ನಿಲ್ಲುವ ಲಕ್ಷಣವೂ ಇಲ್ಲ. ಹುಲಿಯ ಎದೆಯ ನಾನೇ ಬೆವೆತುಹೋಗಿ, ಬಾಯಿಗೆ ಬಂದದ್ದನ್ನು ಕೂಗಿದೆ. ನಮ್ಮೂರಲ್ಲಿ ಬಸ್ಸು ಇಳಿಯುವಾಗ ಎಲ್ಲರ ಬಾಯಿಗೂ ತಾನಾಗಿ ಬರುವ ಮಾತು:

"ಥ್ಯಾಂಕ್ಯೂ ಡ್ರೈವರ್!"

ಬಸ್ಸು ನಿಂತಿತು.

"ಥ್ಯಾಂಕ್ಸ್ ಅಂದೋರನ್ನ ಇಳಿಸ್ಲೇಬೇಕು," ಎಂದು ಡ್ರೈವರ್ ತಿರುಗಿದ. ಆ ಮುಖ ಹೇಗಿತ್ತೆಂದು, ಎಲ್ಲವನ್ನೂ ಹತ್ತುಪಟ್ಟು ಮಾಡಿ ಹೇಳುವ ನಾನೂ ಹೇಳಲಾರೆ.

ಬೆರಿಲ್ ಕೂಡ ಥ್ಯಾಂಕ್ಸ್ ಅಂದಳು. ನಾವು ಹಿಂಬಾಗಿಲಿನಿಂದ ಇಳಿಯುತ್ತಿದ್ದಂತೆ ಮುಂಬಾಗಿಲಿನಿಂದ ಒಬ್ಬ ಹತ್ತಿದ. ನೀಲಿ ಕೋಟು, ಹೊಳೆಯುವ ಬೂಟು, ಕೈಯಲ್ಲಿ ಊರುಗೋಲಿಲ್ಲ. ಮರ್ವಿನ್.

"ಮರ್ವಿನ್! ಥ್ಯಾಂಕ್ಸ್ ಹೇಳಿ ಇಳಿಯೋ!" ಬೆರಿಲ್ ಬಾಗಿಲಿಗೆ ಜೋತುಬಿದ್ದಳು. ಊರಿನಲ್ಲಿ ಆ ಮಾತು ಆಡದೆ ಇಳಿಯುತ್ತಿದ್ದವನು ಅವನೊಬ್ಬನೇ. ಮದುವೆಯಾದಂದಿನಿಂದ ಅದಕ್ಕಾಗಿ ಅವಳು ಬೈಯುತ್ತಲೇ ಇದ್ದಳು.

"ಬಿಟ್ಟಿ ಬಸ್ಸಿಗೆ ಎಂಥಾ ಥ್ಯಾಂಕ್ಸು? ಓಡಿಸೋದು ಅವನ ಕೆಲ್ಸ."

"ನನಗೋಸ್ಕರ ಹೇಳೋ, ಮೊಂಡ ಮುಂಡೇದೇ!"

ಮರ್ವಿನ್ ಅವಳನ್ನು ನೋಡಿದ. ಬಾಯಿ ತೆರೆದ. ಬಾಗಿಲು ಮುಚ್ಚಿತು.

ನಾವು ವಾರ್ಡಿಗೆ ಹೋಗುವಷ್ಟರಲ್ಲಿ ನರ್ಸ್ ಹೊದಿಕೆಯನ್ನು ಅವನ ಮುಖದ ಮೇಲೆ ಎಳೆದಿದ್ದಳು.

ಈಗಲೂ ಒಂಬತ್ತಕ್ಕೆ ಮುಂಚೆ ಆ ಬಸ್ಸು ನಮ್ಮ ಸ್ಟಾಪಿನ ಮುಂದೆ ನಿಧಾನವಾಗಿ ಸಾಗುತ್ತದೆ. ಅದು ನಿಂತೀತೆಂದು ನಾನು ಕೈ ಜೇಬಿನಿಂದ ತೆಗೆಯುವುದಿಲ್ಲ. ಬೆರಿಲ್ ಮಾತ್ರ ಹತ್ತಿರ ಹೋಗಿ ಇಣುಕುತ್ತಾಳೆ. ಮೊನ್ನೆಯಿಂದ ಮರ್ವಿನ್ ಕೂತ ಕಿಟಕಿಯ ಗಾಜಿನಲ್ಲಿ, ಬಾಯಿಯಷ್ಟಗಲ, ಮಂಜು ಕಟ್ಟತೊಡಗಿದೆ.

"ಕಲೀತಿದ್ದಾನೆ ಕಣೋ ಡೆಸ್," ಎನ್ನುತ್ತಾಳೆ.