ಬೆನ್ನುನೋವು ವಾಸಿ ಮಾಡುತ್ತಿದ್ದ ಗೋಡೆ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಇನ್ನು ಮುಂದೆ ನನ್ನ ಮಾತನ್ನು ಯಾರೂ ನಂಬಬೇಡಿ. ಈಗಲೂ ನಂಬುವವರು ಹೆಚ್ಚಿಲ್ಲ, ಅದು ಬೇರೆ ವಿಚಾರ. ಆದರೆ ಇದು ಆಣೆಗೂ ನಡೆದದ್ದು.

ಒಬ್ಬ ದರ್ಜಿ. ಯಾರ ಅಳತೆ ತೆಗೆದರೂ "ಅರ್ಧ ಇಂಚು ಲೂಸ್ ಇರ್ಲಿ" ಅನ್ನುತ್ತಿದ್ದುದರಿಂದ ಅವನ ಹೆಸರೇ ಅರ್ಧ ಇಂಚು ಮಾಸ್ಟರ್ ಎಂದಾಗಿಹೋಗಿತ್ತು. ಅವನಿಗೂ ಅವನ ಮನೆಗೂ ಒಂದೇ ವಯಸ್ಸು, ಐವತ್ತರ ಹತ್ತಿರ. ಮುಂದಿನ ಕೋಣೆಯಲ್ಲಿ ಹೊಲಿಗೆ. ಹಿಂದಿನ ಕೋಣೆಯಲ್ಲಿ, ಗೋಡೆಗೆ ತಾಗಿಸಿದ ಮಂಚದ ಮೇಲೆ, ತಾಯಿ. ಸೊಂಟ ಮುರಿದು ಎರಡು ವರ್ಷ. ಯಾರಾದರೂ ಎತ್ತಿ ಕೂರಿಸಿದರೆ ಕೂರುತ್ತಿದ್ದಳು, ಇಲ್ಲದಿದ್ದರೆ ಇಲ್ಲ.

ಆ ಮನೆಗೆ ಕರೆಂಟು ಎಳೆದಾಗ ಇದ್ದದ್ದು ಎರಡು ಬಲ್ಬು, ಒಂದು ಫ್ಯಾನು. ಆಮೇಲೆ ಮಾಸ್ಟರ್ ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಿದ. ದೊಡ್ಡ ಇಸ್ತ್ರಿಪೆಟ್ಟಿಗೆ ಬಂತು, ಫ್ರಿಜ್ ಬಂತು, ನೀರು ಕಾಯಿಸುವ ಗೀಸರ್ ಬಂತು. ವೈರು ಮಾತ್ರ ಅದೇ. ಇಸ್ತ್ರಿ ಹಾಕಿದ ಕೂಡಲೇ ಬಲ್ಬು ಮಂಕಾಗುತ್ತಿತ್ತು, ಫ್ಯಾನು ಆಕಳಿಸುತ್ತಿತ್ತು, ಫ್ಯೂಸು ಹಾರುತ್ತಿತ್ತು. ದಿನಕ್ಕೆ ಮೂರು ಸಲ ತಂತಿ ಕಟ್ಟಿ ಕಟ್ಟಿ ಮಾಸ್ಟರಿಗೆ ಸಾಕಾಗಿಹೋಯಿತು. ಒಂದು ದಿನ, ಶಾಲೆಯ ನಲವತ್ತು ಯೂನಿಫಾರಂ ಬಾಕಿ ಇರುವಾಗ, ಫ್ಯೂಸ್ ತಂತಿಯೇ ಮುಗಿಯಿತು. ಕೈಗೆ ಸಿಕ್ಕಿದ್ದು ಮೊನೆ ಮುರಿದ ಮಷೀನ್ ಸೂಜಿ. ಅದನ್ನೇ ಪಿಂಗಾಣಿ ಫ್ಯೂಸಿಗೆ ಬಿಗಿದ.

ಅವತ್ತಿನಿಂದ ಫ್ಯೂಸು ಹಾರಿದ್ದೇ ಇಲ್ಲ. ಮಾಸ್ಟರ್ ಬೀದಿಗೆಲ್ಲ ಹೇಳಿಕೊಂಡು ಬಂದ. "ತಂತಿ ಎಲ್ಲಿ, ಸೂಜಿ ಎಲ್ಲಿ. ಉಕ್ಕು ಕಣಯ್ಯಾ."

ವಾರ ಕಳೆಯುವಷ್ಟರಲ್ಲಿ ತಾಯಿಯ ಬೆನ್ನುನೋವು ಇಳಿಯಿತು.

"ಮಗಾ, ಈ ಗೋಡೆ ಬೆಚ್ಚಗಿರುತ್ತೆ ಕಣೋ. ಒರಗಿಕೊಂಡ್ರೆ ಹಾಯಾಗುತ್ತೆ."

ಸುದ್ದಿ ಹರಡಿತು. ಎದುರುಮನೆಯ ಲಾರಿ ಡ್ರೈವರ್ ಬಂದು ಕಾಲು ಗಂಟೆ ಬೆನ್ನು ಕೊಟ್ಟು ಕೂತು ಹೋದ. ಮಾರನೆಯ ದಿನ ಅಂಚೆಯವನನ್ನೂ ಕರೆತಂದ. ಹದಿನೈದು ದಿನಕ್ಕೆ ಮಂಚದ ಪಕ್ಕ ಎರಡು ಸ್ಟೂಲು ಹಾಕಬೇಕಾಯಿತು. ಗೋಡೆಗೆ ಇಂಥ ಗುಣ ಯಾಕೆ ಬಂತು ಎಂದು ಒಬ್ಬರೂ ಕೇಳಲಿಲ್ಲ.

ಕೇಳಿದವಳು ಮಾಸ್ಟರನ ಹೆಂಡತಿಯ ತಂಗಿ. ಅವಳು ಲೈಸೆನ್ಸ್ ಇರುವ ವೈರಿಂಗ್ ಕೆಲಸದವಳು. ಒಂದು ಮಧ್ಯಾಹ್ನ ಅಕ್ಕನನ್ನು ನೋಡಲು ಬಂದವಳಿಗೆ ಮಾಸ್ಟರನ ತಾಯಿ ಹೆಮ್ಮೆಯಿಂದ ಗೋಡೆ ತೋರಿಸಿದಳು. ಅವಳು ಹಿಂಗೈಯನ್ನು ಗೋಡೆಗೆ ತಾಗಿಸಿದಳು. ತಾಗಿಸಿದವಳ ಮುಖದ ನಗು ಹಾಗೇ ಇಳಿದುಹೋಯಿತು.

"ಅಕ್ಕ, ಇದು ಯಾವಾಗ್ಲೂ ಹಿಂಗೇ ಇರುತ್ತಾ?"

"ಇಲ್ಲಮ್ಮ, ಅವ್ರು ಇಸ್ತ್ರಿ ಹಾಕ್ದಾಗ ಜಾಸ್ತಿ."

ಅವಳು ಹೋಗಿ ಮೇನ್ ಸ್ವಿಚ್ ಇಳಿಸಿದಳು. ಫ್ಯೂಸ್ ಕಿತ್ತು ನೋಡಿದಳು. ಸೂಜಿ ನೀಲಿಗಟ್ಟಿತ್ತು.

"ಭಾವ, ಇದೇನಿದು?"

"ಹಾರೋದೇ ಇಲ್ಲ ನೋಡು, ಗಟ್ಟಿ."

"ಹಾರ್ಬೇಕು ಭಾವ. ವೈರು ಸುಡೋಕೆ ಮುಂಚೆ ತಾನು ಸುಟ್ಟುಹೋಗೋದೇ ಅದರ ಕೆಲ್ಸ. ಈಗ ಅದು ಸಾಯಲ್ಲ ಅಂತ ಕೂತಿದೆ, ವೈರು ಗೋಡೆ ಒಳಗೆ ಬೇಯ್ತಾ ಇದೆ."

"ನಮ್ಮಪ್ಪನ ಕಾಲದ ವೈರಮ್ಮ ಅದು. ಆಗಿನ ಮಾಲು."

"ನಿಮ್ಮಪ್ಪ ನಿಮಗೆ ಒಂದನೇ ಕ್ಲಾಸಲ್ಲಿ ಹೊಲಿಸಿದ ಚಡ್ಡಿನೂ ಆಗಿನ ಮಾಲೇ. ಇವತ್ತು ಹಾಕ್ಕೊಂಡು ಬೀದಿಗೆ ಹೋಗ್ತೀರಾ?"

ಹೆಂಡತಿ ನಕ್ಕಳು. ಮಾಸ್ಟರ್ ನಗಲಿಲ್ಲ.

"ನಾನು ಹೋಗಿ ವೈರು ಪರೀಕ್ಷೆ ಮಾಡೋ ಮೀಟರು, ಸಾಮಾನು ತರ್ತೀನಿ," ಅಂದಳು ನಾದಿನಿ. "ಅಲ್ಲೀವರ್ಗೂ ಮೇನ್ ಮುಟ್ಬೇಡಿ. ಅಜ್ಜಿ ಮಂಚನ ಗೋಡೆಯಿಂದ ಈಚೆ ಎಳೀರಿ."

ಅವಳು ಹೋದಳು. ಮಾಸ್ಟರ್ ಮಂಚ ಎಳೆಯಲಿಲ್ಲ. ಇಸ್ತ್ರಿ ಕಾಣದ ಎಂಟು ಅಂಗಿಗಳನ್ನು ನೋಡಿದ. ಇಷ್ಟು ದಿನ ಆಗದ್ದು ಇನ್ನು ಹತ್ತು ನಿಮಿಷದಲ್ಲಿ ಏನಾದೀತು ಅಂದುಕೊಂಡ. ಸೂಜಿಯನ್ನು ಮತ್ತೆ ಸಿಕ್ಕಿಸಿ ಮೇನ್ ಏರಿಸಿದ.

ಒಂದು ಅಂಗಿ ಮುಗಿಯಿತು. ಎರಡು. ಮೂರನೆಯದರ ಕಾಲರಿಗೆ ಬಂದಾಗ ಒಂಥರಾ ವಾಸನೆ ಬಂತು, ಹಳೆಯ ರಬ್ಬರ್ ಚಪ್ಪಲಿ ಒಲೆಗೆ ಬಿದ್ದಂತೆ. ಬಟ್ಟೆ ಸುಟ್ಟಿತೇ ಎಂದು ಇಸ್ತ್ರಿ ಎತ್ತಿ ನೋಡಿದ. ಬಟ್ಟೆ ಚೆನ್ನಾಗಿತ್ತು.

ಒಳಗಿನಿಂದ ತಾಯಿಯ ದನಿ. "ಮಗಾ, ಇವತ್ತು ಶಾಖ ಬಲು ಚೆನ್ನಾಗಿದೆ. ಇನ್ನೊಂದೆರಡು ಅಂಗಿ ಇಸ್ತ್ರಿ ಮಾಡಪ್ಪ."

ಮಾಸ್ಟರ್ ಇಸ್ತ್ರಿ ಬದಿಗಿಟ್ಟ. ಒಳಗೆ ಓಡಿದ. ಗೋಡೆಯೊಳಗೆ ಏನೋ ಚಿರ್‌ರ್ ಎನ್ನುತ್ತಿತ್ತು, ಎಣ್ಣೆಗೆ ನೀರು ಬಿದ್ದ ಹಾಗೆ. ತಾಯಿಯ ತಲೆಯ ಹಿಂದೆ, ಗೋಡೆಯಲ್ಲಿ ವೈರು ಕೂಡುವ ಕಡೆ ಹಾಕಿದ್ದ ಗುಂಡನೆಯ ಮರದ ಮುಚ್ಚಳದ ಅಂಚಿನಿಂದ ಹೊಗೆಯ ಎಳೆಯೊಂದು ಏಳುತ್ತಿತ್ತು. ತಾಯಿ ಕಣ್ಣು ಮುಚ್ಚಿ ನಗುತ್ತಿದ್ದಳು. ಅವನಿಗೆ ತೋಚಿದ್ದು ಪಕ್ಕದಲ್ಲಿದ್ದ ನೀರಿನ ಬಿಂದಿಗೆ. ಎತ್ತಿಯೂ ಆಗಿತ್ತು.

"ಬಿಂದಿಗೆ ಇಡಿ ಭಾವ. ನೀರು ಬೇಡ, ಕರೆಂಟಿದೆ. ಅಕ್ಕ, ಮೇನ್."

ಸಾಮಾನು ಹಿಡಿದು ವಾಪಸ್ ಬಂದ ನಾದಿನಿ ಬಾಗಿಲಲ್ಲಿ ನಿಂತಿದ್ದಳು. ಹೆಂಡತಿ ಒಂದೇ ನೆಗೆತಕ್ಕೆ ಮೇನ್ ಇಳಿಸಿದಳು. ಚಿರ್ ಸದ್ದು ನಿಂತಿತು. ತಾಯಿಯನ್ನು ಎತ್ತಲು ಮೂವರೂ ಬೇಕಾಯಿತು. "ಯಾಕ್ರೋ, ಒಳ್ಳೇ ಜಾಗದಿಂದ ಎಬ್ಬಿಸ್ತೀರಾ" ಎಂದು ಬೈಯುತ್ತಲೇ ತಾಯಿ ಅಂಗಳಕ್ಕೆ ಬಂದಳು.

ಹೊಗೆ ಅಡಗಿದ ಮೇಲೆ ನಾದಿನಿ ಮುಚ್ಚಳ ಬಿಚ್ಚಿದಳು. ಒಳಗಿನ ಜಾಯಿಂಟು ಸಡಿಲವಾಗಿ, ಮರ ಇದ್ದಿಲಾಗಿತ್ತು. ವೈರಿನ ಹೊದಿಕೆ ಮುಟ್ಟಿದರೆ ಪುಡಿಪುಡಿ. ಮಾಸ್ಟರ್ ಅದನ್ನೆಲ್ಲ ನೋಡುತ್ತಿರಲಿಲ್ಲ. ಮಂಚ ಎಳೆದಾಗ ಹಾಸಿಗೆಯ ಗೋಡೆಯ ಕಡೆಯ ಮಗ್ಗುಲು ಕಂಡಿತ್ತು. ಅಲ್ಲಿ ಅಂಗೈಯಗಲ ಕಂದು ಕಲೆ. ಆ ಬಣ್ಣ ಅವನಿಗೆ ಮೂವತ್ತು ವರ್ಷದ ಪರಿಚಯ. ಬಟ್ಟೆಯ ಮೇಲೆ ಇಸ್ತ್ರಿ ಮರೆತರೆ ಮೊದಲು ಹಳದಿ, ಆಮೇಲೆ ಈ ಕಂದು. ಕಂದು ಬಂದ ಮೇಲೆ ಬೆಂಕಿ ಹತ್ತಲು ಎಷ್ಟು ಹೊತ್ತು ಉಳಿದಿರುತ್ತದೆ ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಎಲ್ಲಾ ಕಿತ್ತು ಹಾಕಮ್ಮ," ಅಂದ. "ಒಂದು ಎಳೆನೂ ಬಿಡ್ಬೇಡ."

ನಾಲ್ಕು ದಿನ ಹಿಡಿಯಿತು. ಹೊಸ ವೈರು. ಇಸ್ತ್ರಿಗೆ, ಗೀಸರಿಗೆ ಬೇರೆ ಬೇರೆ ಲೈನು. ಫ್ಯೂಸಿನ ಜಾಗದಲ್ಲಿ ಹೊರೆ ಹೆಚ್ಚಾದರೆ ತಾನೇ ಬೀಳುವ ಎಂಸಿಬಿ. ಕರೆಂಟು ಎಲ್ಲಾದರೂ ಸೋರಿದರೆ ಮನುಷ್ಯ ಬೀಳುವ ಮುಂಚೆ ತಾನು ಬೀಳುವ ಇನ್ನೊಂದು ಸ್ವಿಚ್ಚು, ಅದರ ಪರೀಕ್ಷೆಗೆ ಒಂದು ಗುಂಡಿ. ಅಂಗಳದಲ್ಲಿ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗ್ ಕುಳಿ. ಇಸ್ತ್ರಿ ಮುಟ್ಟಿದರೆ ಜುಮ್ಮೆನ್ನುತ್ತಿದ್ದುದು ನಿಂತಿತು. "ಅದು ಇಸ್ತ್ರಿಗೆ ನನ್ನ ಮೇಲಿನ ಪ್ರೀತಿ ಅಂದ್ಕೊಂಡಿದ್ದೆ," ಅಂದ ಮಾಸ್ಟರ್. ಅಂಚೆಯವನು ಮತ್ತೆ ಬಂದು ಗೋಡೆಗೆ ಒರಗಿ, ಸುಖವಿಲ್ಲ ಎಂದು ಎದ್ದುಹೋದ. ತಾಯಿಗೆ ಬಿಸಿನೀರಿನ ಚೀಲ ಬಂತು.

ನಿಮ್ಮ ಮನೆಯೂ ಹಳೆಯದೇ? ಹಾಗಾದರೆ ಇವತ್ತು ಬೆಳಕಿರುವಾಗಲೇ ಸ್ವಿಚ್ ಬೋರ್ಡುಗಳ ಪಕ್ಕದ ಗೋಡೆಗೆ ಒಣಗಿದ ಹಿಂಗೈ ತಾಗಿಸಿ ನೋಡಿ. ಬೆಚ್ಚಗಿದ್ದರೆ, ಬಲ್ಬು ಮಂಕಾಗುತ್ತಿದ್ದರೆ, ಸುಟ್ಟ ವಾಸನೆ ಬಂದರೆ, ಮೇನ್ ಇಳಿಸಿ ಲೈಸೆನ್ಸ್ ಇರುವವರನ್ನು ಕರೆಸಿ. ಫ್ಯೂಸಿನಲ್ಲಿ ಸೂಜಿ, ಮೊಳೆ, ದಪ್ಪ ತಂತಿ ಬೇಡ. ಹೊಸ ವೈರಿಂಗ್ ಆದಮೇಲೂ ಆ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಐದು ವರ್ಷಕ್ಕೊಮ್ಮೆ ಇಡೀ ಮನೆ ತೋರಿಸಿ. ಮುದುಕರು, ಮಕ್ಕಳು ಮಲಗುವ ಜಾಗದ ಗೋಡೆಯನ್ನಂತೂ ಮೊದಲು... ಅಲ್ಲಾ, ಯಜಮಾನರೇ, ಎಲ್ಲಿಗೆ ಎದ್ದಿರಿ? ನಿಮ್ಮ ಫ್ಯೂಸಲ್ಲೂ ಏನಾದ್ರೂ ಸಿಕ್ಕಿಸಿದ್ದೀರಾ? ನಿಲ್ಲಿ, ಬರಿಗೈಯಲ್ಲಿ ಕೀಳೋಕೆ ಹೋಗ್ಬೇಡಿ, ಮೊದಲು ಮೇನ್ ಇಳಿಸಿ, ಆಮೇಲೆ... ಅಯ್ಯೋ, ಓಡಿಯೇ ಬಿಟ್ರಲ್ಲ!