ಒಲೆ ಹಚ್ಚದ ಓಣಿ

ಹೆಣದ ಗದ್ದ ಜೋಲದಂತೆ ಹುಲಿಗೆಮ್ಮ ತಾಯಿಯ ತಲೆಗೆ ಬಟ್ಟೆ ಬಿಗಿಯುತ್ತಿದ್ದಳು. ಅಂಗಳದಲ್ಲಿ ಚಟ್ಟಕ್ಕೆ ಬಿದಿರು ಸೀಳುತ್ತಿದ್ದ ಸೋದರಮಾವ ಗಿಡ್ಡಪ್ಪ ಮಚ್ಚು ಕೆಳಗಿಟ್ಟು ಎದ್ದು ನಿಂತ. ಹಾಲೇಶಪ್ಪಗೌಡರು ಬಂದಿದ್ದರು.

“ಈಗ್ಲೇ ಎತ್ತಬ್ಯಾಡ್ರಪ್ಪ. ಶಿವಮೊಗ್ಗದಿಂದ ಸಂಘದ ಸಾಹೇಬ್ರು ಇವತ್ತೇ ಬರ್ತಾರೆ. ಕಣ್ಣಾರೆ ನೋಡ್ಲಿ.”

“ಬದುಕಿದ್ದಾಗ ನೋಡಿದ್ರೆ ಒಂದು ಮಾತು. ಈಗೇನು ನೋಡ್ತಾರೆ ಗೌಡ್ರೆ?” ಎಂದ ಗಿಡ್ಡಪ್ಪ.

“ನಿಂಗೆ ತಿಳಿಯಲ್ಲ ಸುಮ್ಕಿರು. ಕೂಸಿನ ಮನೆ ನಡೆಸೋಳು ಸತ್ತಳು ಅಂತ ಬರೀ ಸುದ್ದಿ ಹೋದ್ರೆ ಗ್ರಾಂಟು ನಿಂತಂಗೆ. ಊರಿಗೂರೇ ಆಯಮ್ಮನ ಮುಂದೆ ಕುಂತೈತೆ ಅನ್ನೋದು ಅವ್ರ ಕಣ್ಣಿಗೆ ಬೀಳ್ಬೇಕು.” ಗೌಡರು ಹುಲಿಗೆಮ್ಮನ ಕಡೆ ತಿರುಗಿ ದನಿ ತಗ್ಗಿಸಿದರು. “ಗ್ರಾಂಟು ಬಂದ್ರೆ ನಿಮ್ಮವ್ವನ ಜಾಗಕ್ಕೆ ನೀನೇ. ಇಲ್ಲಾಂದ್ರೆ ನಾಟಿಗೆ ಬಗ್ಗೋದು ಇದ್ದೇ ಐತೆ. ಎರಡು ಮಕ್ಕಳೋಳು, ಯೋಚ್ನೆ ಮಾಡು.”

ಗಂಡ ಪಟಾಲಮ್ಮಿಗೆ ಸೇರಿ ಯುದ್ಧಕ್ಕೆ ಹೋದವನು ಇದ್ದಾನೋ ಇಲ್ಲವೋ ತಿಳಿಯದು. ಹುಲಿಗೆಮ್ಮ ತಾಯಿಯ ಮುಖ ನೋಡಿದಳು.

“ಆತು ಗೌಡ್ರೆ. ಬಸ್ಸು ಬರೋತಂಕ,” ಎಂದಳು.

ಸತ್ತ ಉಚ್ಚಂಗಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಎದೆಗೆ ಹಗ್ಗ ಕಟ್ಟಿ, ಕೂಸಿನ ಮನೆಯ ಜಗುಲಿಗೆ ಹೊತ್ತು ತಂದರು. ತಲೆಯ ಮೇಲೆ ಬೋರ್ಡು ಬರುವಂತೆ ಗೌಡರೇ ನಿಂತು ಕುರ್ಚಿ ಸರಿಸಿದರು.

*

ಹಿಂದೆಲ್ಲ ನಾಟಿಯ ಕಾಲಕ್ಕೆ ಹೆಂಗಸರು ಬದುವಿನ ಮೇಲೆ ಸೀರೆ ಹಾಸಿ, ಕೂಸು ಮಲಗಿಸಿ ಗದ್ದೆಗಿಳಿಯುತ್ತಿದ್ದರು. ಉಚ್ಚಂಗಮ್ಮನ ಎರಡನೆಯದು ಅಂಬೆಗಾಲಿಡುವ ಗಂಡು. ಗೌಡರ ಗದ್ದೆಯಲ್ಲಿ ಒಂದು ಸಾಲು ಮುಗಿಸಿ ತಲೆ ಎತ್ತಿದಾಗ ಹಾಸಿದ ಸೀರೆ ಇತ್ತು, ಮಗು ಇರಲಿಲ್ಲ. ಸೂಳೆಕೆರೆಯ ಕಾಲುವೆ ಅದನ್ನು ಕೆಳಗಿನೂರಿನ ತೂಬಿನ ತನಕ ಒಯ್ದಿತ್ತು.

ಮರುವರ್ಷ ಅವಳು ಗದ್ದೆಗಿಳಿಯಲಿಲ್ಲ. ಹೊಂಗೆಮರದ ಬುಡದಲ್ಲಿ ಕೂತು ಎಲ್ಲರ ಕೂಸುಗಳನ್ನು ನೋಡಿಕೊಂಡಳು, ಅಂಬಲಿ ಕಾಸಿ ಕುಡಿಸಿದಳು. ಸಂಜೆ ಕೆಸರುಗಾಲಲ್ಲಿ ಬಂದ ತಾಯಂದಿರು ಅವಳ ಮೊರಕ್ಕೆ ಒಂದೊಂದು ಹಿಡಿ ರಾಗಿ ಹಾಕಿ ಮಕ್ಕಳನ್ನು ಕಂಕುಳಿಗೇರಿಸಿಕೊಂಡು ಹೋಗುತ್ತಿದ್ದರು. ಎಷ್ಟೋ ವರ್ಷ ಹೀಗೇ ನಡೆಯಿತು.

ಆಮೇಲೆ ಗೌಡರು ಶಿವಮೊಗ್ಗದ ಸಂಘಕ್ಕೆ ಅರ್ಜಿ ಹಾಕಿದರು. ಗ್ರಾಂಟು ಬಂತು. ಹೊಂಗೆಮರ ಕಡಿದು ಅದೇ ಜಾಗದಲ್ಲಿ ಹೆಂಚಿನ ಮನೆ ಎದ್ದಿತು. ಗೌಡರ ತಂದೆಯ ಹೆಸರಿನ ಕಲ್ಲು ಕೂತಿತು. ರಾಗಿ ನಿಂತಿತು.

“ಇನ್ನು ನಾವ್ಯಾಕೆ ಹಾಕ್ಬೇಕು ಉಚ್ಚಂಗಕ್ಕ? ಸಂಘದೋರು ಕೊಡ್ತಾರಲ್ಲ,” ಎಂದಿದ್ದಳು ಪಕ್ಕದ ಮನೆಯ ಸಾವಂತ್ರಮ್ಮ.

ಸಂಘದವರು ಕೊಟ್ಟದ್ದು ಹೆಂಚಿಗೆ, ಸುಣ್ಣಕ್ಕೆ, ನೋಡಲು ಬಂದ ಸಾಹೇಬರ ಊಟಕ್ಕೆ ಆಗುತ್ತಿತ್ತು. ಅಂಬಲಿಗಾಗಿ ಉಚ್ಚಂಗಮ್ಮ ಮೊರ ಹಿಡಿದು ಮನೆಮನೆಗೆ ಹೊರಟಳು.

“ಗ್ರಾಂಟು ನುಂಗಿ ಮತ್ತೆ ಬೇಡಾಕೆ ಬಂದ್ಲು ನೋಡ್ರೆ,” ಎಂದು ಒಳಗಿನಿಂದಲೇ ಅನ್ನುತ್ತಿದ್ದರು.

ಅವಳಿಗೆ ಕೇಳಿಸುತ್ತಿತ್ತು. ಆದರೂ ಮೊರ ಚಾಚಿಕೊಂಡು ನಿಂತೇ ಇರುತ್ತಿದ್ದಳು.

*

ಹೆಣ ಏಳುವ ತನಕ ಓಣಿಯಲ್ಲಿ ಯಾರೂ ಒಲೆ ಹಚ್ಚುವಂತಿಲ್ಲ. ಬೆಳಿಗ್ಗೆ ಎತ್ತಿದ್ದರೆ ಮಧ್ಯಾಹ್ನಕ್ಕೆ ಮುದ್ದೆಯಾಗುತ್ತಿತ್ತು. ಹೊತ್ತು ನೆತ್ತಿ ದಾಟಿ ಪಡುವಣಕ್ಕೆ ವಾಲಿದರೂ ಬಸ್ಸಿನ ಸುಳಿವಿಲ್ಲ. ಪೆಟ್ರೋಲು ಯುದ್ಧಕ್ಕೆ ಹೋಗಿ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಕಾಲ.

“ಚನ್ನಗಿರಿ ಏರಿನಾಗೆ ಜನ ಇಳಿದು ನೂಕ್ತಿರ್ತಾರೆ,” ಎಂದ ಗಿಡ್ಡಪ್ಪ. “ನಮ್ಮಕ್ಕನ್ನ ಹೊರಾಕೆ ನಾವು, ಸಾಹೇಬ್ರನ್ನ ನೂಕಾಕೆ ಅವ್ರು.”

ಮಕ್ಕಳು ಮೊದಮೊದಲು ಅತ್ತವು. ಆಮೇಲೆ ಅಳುವುದನ್ನೂ ಬಿಟ್ಟು ಜಗುಲಿಯಂಚಿಗೆ ಬಂದು ಕೂತು ಉಚ್ಚಂಗಮ್ಮನನ್ನೇ ನೋಡತೊಡಗಿದವು. ಸಾವಂತ್ರಮ್ಮನ ಮೊಮ್ಮಗಳು ಹೆಣದ ಸೆರಗು ಜಗ್ಗಿ, “ಅಜ್ಜೀ, ಅಂಬಲಿ,” ಎಂದಿತು.

ಹುಲಿಗೆಮ್ಮ ಎದ್ದಳು. ಸಾಹೇಬರಿಗೆ ತೋರಿಸಲೆಂದು ಗೌಡರು ಒಳಗೆ ಇಡಿಸಿದ್ದ ರಾಗಿಹಿಟ್ಟಿನ ಚೀಲದ ಬಾಯಿ ಬಿಚ್ಚಿದಳು. ಹೆಣದ ಎದುರಿಗೇ ಮೂರು ಕಲ್ಲು ಹೂಡಿದಳು.

“ಏ ಹುಲಿಗೀ! ಹೆತ್ತವ್ವನ ಹೆಣ ಮುಂದಿಟ್ಕಂಡು ಒಲೆ ಹಚ್ತೀಯೇನೇ?” ಗಿಡ್ಡಪ್ಪ ಕೂಗಿದ.

“ಹಚ್ತೀನಿ ಮಾವ. ನಮ್ಮವ್ವನ ಹೆಸರಾಗೆ ಈ ಕೂಸುಗಳು ಉಪವಾಸ ಬೀಳೋದು ಬ್ಯಾಡ.”

“ಅದು ಸಾಹೇಬ್ರಿಗೆ ತೋರ್ಸಾಕೆ ಇಟ್ಟಿರೋ ಹಿಟ್ಟು!” ಎಂದರು ಗೌಡರು.

ಅವಳು ಬೆಂಕಿ ಊದಿದಳು. ಹೆಂಗಸರು ತಮ್ಮತಮ್ಮ ಮಕ್ಕಳ ರಟ್ಟೆ ಹಿಡಿದು ಹಿಂದಕ್ಕೆಳೆದುಕೊಂಡರು. ಸೂತಕದ ಒಲೆಯ ಅಂಬಲಿಯನ್ನು ಯಾರು ಕುಡಿಸಿಯಾರು? ಕುದಿಯುವ ಹಿಟ್ಟಿನ ವಾಸನೆ ಓಣಿಯ ತುಂಬ ಹರಡಿತು. ಸಾವಂತ್ರಮ್ಮನ ಮೊಮ್ಮಗಳು ಕೈ ಕೊಸರಿಕೊಂಡು ಓಡಿಬಂದು ಬಟ್ಟಲು ಚಾಚಿತು. ಅದರ ಹಿಂದೆ ಮತ್ತೊಂದು. ಆಮೇಲೆ ಯಾವ ತಾಯಿಯೂ ಹಿಡಿಯಲಿಲ್ಲ.

ಮೊದಲ ಗುಟುಕಿಗೇ ಬಸ್ಸಿನ ಹಾರ್ನು ಕೇಳಿಸಿತು. ಕೋಟಿನ ಮೇಲಿನ ಮಸಿ ಕೊಡವಿಕೊಳ್ಳುತ್ತ ಸಾಹೇಬರು ಇಳಿದರು. ಹಿಂದೆ ಕ್ಯಾಮರಾ ಹೊತ್ತವನು. ಸಾಹೇಬರು ಕುರ್ಚಿಯ ಹೆಣದತ್ತ ಕಣ್ಣು ಹಾಯಿಸಿ, ಮಕ್ಕಳನ್ನೂ ಹಬೆಯಾಡುವ ಗಡಿಗೆಯನ್ನೂ ನೋಡಿ ಮೆಚ್ಚಿ ತಲೆದೂಗಿದರು.

“ಇಂಥ ದಿನವೂ ಕೆಲಸ ನಿಂತಿಲ್ಲವಲ್ಲ ಗೌಡರೆ! ಗ್ರಾಂಟಿನ ಬಗ್ಗೆ ನೀವು ಯೋಚನೆ ಮಾಡಬೇಡಿ.”

“ಎಲ್ಲಾ ನಿಮ್ಮ ದಯ ಸ್ವಾಮಿ. ನಾನೇ ಹೇಳಿ ಒಲೆ ಹಚ್ಚಿಸ್ದೆ.”

ಹುಲಿಗೆಮ್ಮ ಸೌಟು ಹಿಡಿದವಳು ತಲೆ ಎತ್ತಿ ಗೌಡರನ್ನು ನೋಡಿದಳು. ಮತ್ತೆ ಬಗ್ಗಿ ಮುಂದಿನ ಬಟ್ಟಲಿಗೆ ಬಡಿಸಿದಳು.

ಕ್ಯಾಮರಾದವನು ಕರಿಬಟ್ಟೆಯೊಳಗಿಂದ ತಲೆ ಹೊರತೆಗೆದ. “ಹಿಂದೆ ಹೆಣ ಫೋಟೋದಲ್ಲಿ ಬೀಳ್ತದೆ ಸಾರ್. ವರದಿಗೆ ಚೆನ್ನಾಗಿರಲ್ಲ.”

ಗೌಡರು ಕಣ್ಸನ್ನೆ ಮಾಡಿದರು. ಗಿಡ್ಡಪ್ಪನೂ ಇನ್ನೊಬ್ಬನೂ ಕುರ್ಚಿ ಎತ್ತಿ ಮನೆಯ ಹಿಂಬದಿಗೆ ಒಯ್ದು, ಅವಸರದಲ್ಲಿ ಗೋಡೆಗೆ ಮುಖಮಾಡಿ ಇಳಿಸಿ ಬಂದರು.

“ಕುಡೀಬೇಡಿ ಮಕ್ಕಳೇ, ಈಗ್ಲೇ ಕುಡೀಬೇಡಿ. ಬಟ್ಟಲು ಮೇಲೆತ್ತಿ. ಇನ್ನೂ ಮೇಲೆ,” ಎಂದ ಕ್ಯಾಮರಾದವನು.

ಮಕ್ಕಳು ಎತ್ತಿದ ಬಟ್ಟಲು ಇಳಿಸದೆ, ಉಸಿರು ಬಿಗಿಹಿಡಿದು ನಿಂತವು. ತುಳುಕಿದ ಅಂಬಲಿ ಮೊಣಕೈಗಳಿಂದ ಒಂದೊಂದೇ ಹನಿಯಾಗಿ ತೊಟ್ಟಿಕ್ಕಿ ಮಣ್ಣಿಗೆ ಬೀಳುತ್ತಿತ್ತು.