ಸವುದುಲ್ಲಾ ಬೇಬೆ ಎಣಿಸಿದ ಆರು ಹಸಿರು

ಈ ಕಥೆಯಲ್ಲಿ ಅರ್ಧ ತಮಾಷೆ. ಆ ಅರ್ಧವನ್ನಷ್ಟೇ ಹೇಳಿ ಎದ್ದುಹೋಗೋಣ ಎಂದು ಎಷ್ಟೋ ಸಲ ಅನ್ನಿಸಿದೆ, ಆಗುವುದಿಲ್ಲ. ಒಂದಕ್ಷರವೂ ಸುಳ್ಳಲ್ಲ. ಸುಳ್ಳಾಗಿದ್ದರೆ ಶೌಲಾ ಇವತ್ತು ನಮ್ಮ ದ್ವೀಪದ ಕಟ್ಟೆಯ ಮೇಲೆ ಕೂತು ನನ್ನನ್ನು ಬೈಯುತ್ತಿದ್ದಳು.

ನಮ್ಮ ದೋಣಿಯ ಯಜಮಾನರು ಸವುದುಲ್ಲಾ ಬೇಬೆ; ಬೇಬೆ ಎಂದರೆ ನಮ್ಮಲ್ಲಿ ಅಣ್ಣ. ಶೌಲಾ ಅವರ ಒಬ್ಬಳೇ ಮಗಳು. ಪ್ರವಾಸಿಗಳನ್ನು ಹವಳದ ದಿಬ್ಬಕ್ಕೆ ಇಳಿಸಿ ತೋರಿಸುವ ಕೆಲಸ ನಮ್ಮಿಬ್ಬರದು. ನಾನು ಎಲ್ಲರ ಮುಂದೆ, ಅವಳು ಎಲ್ಲರ ಹಿಂದೆ. ಹಗಲಲ್ಲಿ ಮುಳುಗಲು ಬಿಟ್ಟ ಅಪ್ಪ, ಕತ್ತಲಲ್ಲಿ ಇಳಿಯಲು ಎರಡು ವರ್ಷ ಒಪ್ಪಲಿಲ್ಲ.

"ಬಪ್ಪಾ, ಕತ್ತಲಾದ್ರೆ ಮೀನಿಗೇನು ಹಲ್ಲು ಜಾಸ್ತಿ ಬರುತ್ತಾ?"

"ಮೀನಿನ ಭಯ ಅಲ್ಲ ಕಣೇ. ನೀನೆಲ್ಲಿದ್ದೀಯ ಅಂತ ನಂಗೆ ಕಾಣಲ್ವಲ್ಲ, ಅದು."

ಕಾಣುವ ಹಾಗೆ ಮಾಡಿದವಳೂ ಅವಳೇ. ಮೊದಲು ನಾವು ಮುರಿದು ಅಲ್ಲಾಡಿಸಿದರೆ ಹೊಳೆಯುವ ಪ್ಲಾಸ್ಟಿಕ್ ಕಡ್ಡಿ ಕಟ್ಟಿಕೊಳ್ಳುತ್ತಿದ್ದೆವು. ಒಂದು ರಾತ್ರಿಯ ಆಯುಷ್ಯ, ಮರುದಿನ ದಂಡೆಯಲ್ಲಿ ಕಸ. ಅವಳು ಬ್ಯಾಟರಿಯ ಹಸಿರು ಕಡ್ಡಿ ಎಂಟು ತರಿಸಿದಳು. ಕಡ್ಡಿಯ ತುದಿ ತಿರುಗಿಸಿದರೆ ಹೊತ್ತಿಕೊಳ್ಳುತ್ತದೆ. ಬೆನ್ನಿನ ಸಿಲಿಂಡರಿನ ಕುತ್ತಿಗೆಗೆ ಕಟ್ಟಿದರೆ ಅಲೆಗಳ ನಡುವೆಯೂ ಕಾಣುತ್ತದೆ. ಬೇಬೆ ಪ್ರತಿ ಸಂಜೆ ಒಂದೊಂದರ ಮುಚ್ಚಳ ಬಿಚ್ಚಿ, ರಬ್ಬರ್ ಬಳೆಗೆ ಗ್ರೀಸ್ ಸವರಿ, ಮಗಳದಕ್ಕೆ ಮಾತ್ರ ದಿನವೂ ಹೊಸ ಬ್ಯಾಟರಿ ಹಾಕುತ್ತಿದ್ದರು. ಕೈ ಟಾರ್ಚುಗಳು ಎತ್ತೆತ್ತಲೋ ಬೀಸುವುದರಿಂದ ಎಣಿಕೆಗೆ ಸಿಗವು. ಹಾಗಾಗಿ ನಮ್ಮ ದೋಣಿಯಲ್ಲಿ ಎಣಿಸುವುದು ತಲೆಗಳನ್ನಲ್ಲ, ಹಸಿರನ್ನು. ಮುಂದೆ ಚುಕ್ಕಾಣಿ ಹಿಡಿದು ನಿಂತ ಬೇಬೆ, ನೀರಿನ ಮೇಲೆ ಎದ್ದ ಹಸಿರುಗಳನ್ನು ಗಟ್ಟಿಯಾಗಿ ಎಣಿಸುವರು. ಲೆಕ್ಕ ಸರಿಯಾಯಿತೋ, ಹಿಂದಿನ ಏಣಿ ಹತ್ತಿ ಯಾರು ಬಂದರು ಎಂದು ತಿರುಗಿ ನೋಡುವವರಲ್ಲ.

ಆ ಎಣಿಕೆಯನ್ನು ನಾನು ಚೆನ್ನಾಗಿ ಅಣಕಿಸುತ್ತಿದ್ದೆ. ಮೂಗಿನಲ್ಲಿ "ಒಂ...ದು", ನಡುವೆ ಒಂದು ಕೆಮ್ಮು, "ಎರ...ಡು". ಶೌಲಾ ಬಿದ್ದು ಬಿದ್ದು ನಗುವಳು. ಆ ಸಂಜೆಯ ಉಪಾಯವೂ ನನ್ನದೇ. ಇಳಿಯುವವರು ಆರು ಜನ. ನಾನು ಎರಡು ಕಡ್ಡಿ ಕಟ್ಟಿಕೊಳ್ಳುವುದು, ಬೇಬೆ ಏಳು ಎಣಿಸಿ ಜಿನ್ನಿ ಬಂತೆಂದು ಹೌಹಾರುವುದು.

"ಅಪ್ಪನ ಮುಖ ನಾನು ನೋಡ್ಬೇಕು ಕಣೋ ನಾಹಿದ್. ಹತ್ತಿದ ಕೂಡ್ಲೇ ಮುಂದಕ್ಕೆ ಓಡ್ತೀನಿ. ನೀನು ಹಿಂದೆ ಅತಿಥಿಗಳನ್ನ ಹತ್ತಿಸ್ತಿರು. ಬಾಯಿ ಬಿಟ್ಟೀಯ!"

"ಬಾಯಿ ಬಿಟ್ರೆ ಉಪ್ಪುನೀರು ಕುಡೀಬೇಕಾಗುತ್ತೆ ಮಾರಾಯ್ತಿ."

ಮಗ್ರಿಬ್ ನಮಾಜು ಮುಗಿಸಿ ಇಳಿದೆವು. ನಲವತ್ತು ನಿಮಿಷ ಕಳೆಯುವ ಹೊತ್ತಿಗೆ ದಿಬ್ಬದ ಕಂಡಿಯಲ್ಲಿ ಸೆಳೆತ ಎದ್ದಿತು. ನಾಲ್ವರು ಅತಿಥಿಗಳನ್ನು ಹವಳದ ಗೋಡೆಗೆ ಅಂಟಿಸಿಕೊಂಡು ಮೇಲೆ ತಂದೆ. ಹಿಂದಿದ್ದ ಶೌಲಾಳನ್ನು ಅದು ಕಂಡಿಯಾಚೆ, ತೆರೆದ ಸಮುದ್ರಕ್ಕೆ ಒಯ್ದಿತ್ತು. ನನಗದು ಆಗ ಗೊತ್ತಿರಲಿಲ್ಲ. ಆಮೇಲೆ ಹನ್ನೊಂದು ದಿನ ಹುಡುಕಿದರೂ ಸಿಕ್ಕಿದ್ದು ಅವಳು ಈಜಲು ಕಾಲಿಗೆ ತೊಡುತ್ತಿದ್ದ ರಬ್ಬರ್ ರೆಕ್ಕೆ, ಅದೂ ಒಂದೇ. ಹೊಸ ಬ್ಯಾಟರಿ, ಬೆಳಗಿನವರೆಗೂ ಅವಳ ಕಡ್ಡಿ ಎಲ್ಲೋ ಉರಿದಿರಬೇಕು. ಮೊದಲ ಗಂಟೆಯಲ್ಲಿ ನೋಡಿದ್ದರೆ ಕಾಣುತ್ತಿತ್ತು.

"ಐ...ದು, ಆ...ರು! ಎಲ್ಲ ಬಂದ್ರು!" ಆ ರಾತ್ರಿ ನಾವು ನೀರಿನ ಮೇಲೆ ಎದ್ದಾಗ ದೋಣಿಯ ಮುಂದಿನಿಂದ ಬೇಬೆ ಕೂಗಿದರು.

ಏಳು ಬರಬೇಕಿತ್ತು. ನನ್ನದೊಂದು ಕಡ್ಡಿ ಅಲೆಯ ಮರೆಗೆ ಹೋಗಿರಬೇಕು ಎಂದುಕೊಂಡೆ. ಆಟ ಕೆಟ್ಟಿತಲ್ಲ ಎಂದು ಬೇಸರವಾಯಿತು. ಹೌದು, ಬೇಸರವಾದದ್ದು ಅದಕ್ಕೆ. ಏಣಿಯ ಬಳಿ ಶೌಲಾ ಕಾಣದಾಗ, ಆಗಲೇ ಮುಂದಕ್ಕೆ ಓಡಿದಳು ಎಂದು ನಗುವೂ ಬಂತು. ದೋಣಿ ಸೆಳೆತಕ್ಕೆ ಬೆನ್ನು ಮಾಡಿ ಒಳಗಿನ ಶಾಂತ ನೀರಿಗೆ ಹೊರಟಿತು.

ಲಂಗರು ಹಾಕಿದ ಮೇಲೆ ಚುಕ್ಕಾಣಿಯ ಹತ್ತಿರ ಹೋಗಿ ಎರಡೂ ಕಡ್ಡಿಗಳನ್ನು ಎತ್ತಿ ಹಿಡಿದೆ.

"ಸೋತೆ ಬೇಬೆ. ಏಳು ಎಣಿಸ್ಲಿ ಅಂತ ಎರಡು ಕಟ್ಕೊಂಡಿದ್ದೆ."

"ಎರಡಾ? ಥೂ ಕಳ್ಳ! ಮೂವತ್ತು ವರ್ಷ ಸಮುದ್ರ ನೋಡಿದ ಕಣ್ಣಿಗೆ ಮಣ್ಣೆರಚೋಕೆ ಬಂದ್ಯಾ? ನಾನು ಸರಿಯಾಗಿ ಆರೇ ಎಣಿಸಿದ್ದು!"

ಅತಿಥಿಗಳೂ ನಕ್ಕರು. ನಾನು ಬೇಬೆಯ ಹೆಗಲಾಚೆ ನೋಡಿದೆ. ಅಲ್ಲಿ ಹಗ್ಗದ ಸಿಂಬಿ, ಒಂದು ಬಕೆಟ್ಟು. ಮತ್ತೆ ಯಾರೂ ಇಲ್ಲ. ಅತಿಥಿಗಳ ಹಸಿರು ನಾಲ್ಕು. ನನ್ನವು ಎರಡು.

"ಶೌಲಾ, ಹಿಂದೆ ಏನ್ ಮಾಡ್ತಿದ್ದೀಯೇ? ಬಾ ಇಲ್ಲಿ, ಇವನ ಮುಖ ನೋಡ್ಬಾ!" ಎಂದು ಏಣಿಯ ಕಡೆಗೆ ಕೂಗುತ್ತ, ತೊಡೆ ತಟ್ಟಿಕೊಂಡು, ಬೇಬೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.